ಬುಡದ ಏಳು

ಏಳು ಕೋಟಿ ಮೂವತ್ತೊಂಬತ್ತು ಲಕ್ಷ
ಮೂವತ್ತೊಂಬತ್ತು ಸಾವಿರದ ನೂರಾ ಮೂವತ್ತಮೂರು.
ಬಾಯಲ್ಲಿ ಹೇಳಿದರೆ ಒಂದು ಉಸಿರಿಗೆ ತುಸು ಉದ್ದ.
ಬರೆದರೆ ಎಂಟೇ ಗಿಣ್ಣು:
೭೩೯೩೯೧೩೩.

ಕಿರುಗಾವಲಿನ ಹೈಸ್ಕೂಲು, ಒಂಬತ್ತನೇ ಕ್ಲಾಸು.
ಜಬೀವುಲ್ಲಾ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಬರೆದು
ಬಲಗಡೆಯ ಮೂರನ್ನು ಅಂಗೈಯಿಂದ ಒರೆಸಿದರು.
"ಉಳಿದದ್ದೂ ಅವಿಭಾಜ್ಯ" ಅಂದರು.
ಇನ್ನೊಂದು ಮೂರು ಒರೆಸಿದರು. ಅದೂ.
ಒಂದು ಹೋಯಿತು, ಒಂಬತ್ತು ಹೋಯಿತು,
ಮೂರು, ಮತ್ತೆ ಒಂಬತ್ತು, ಮತ್ತೆ ಮೂರು.
ಪ್ರತಿ ಸಲವೂ ಉಳಿದ ತುಂಡು
ತನಗೂ ಒಂದಕ್ಕೂ ಬಿಟ್ಟು ಇನ್ಯಾರಿಗೂ ಮಣಿಯಲಿಲ್ಲ.
ಕೊನೆಗೆ ಬೋರ್ಡಿನಲ್ಲಿ ಬರೀ ಏಳು,
ಮೇಷ್ಟ್ರ ಪ್ಯಾಂಟಿನ ಮೇಲೆ ಏಳು ಅಂಕಿಯಷ್ಟು ಸೀಮೆಸುಣ್ಣ.
"ಈ ಜಾತಿಯದರಲ್ಲಿ ಇದೇ ಕಡೆಯದು, ಇದಕ್ಕಿಂತ ದೊಡ್ಡದಿಲ್ಲ.
ಪುಸ್ತಕ ಹೇಳುತ್ತೆ. ನಾನು ಭಾಗಿಸಿ ನೋಡಿಲ್ಲ ಕಣ್ರಮ್ಮ."

ಆ ಕಡೆಯ ಮಾತು
ಹಲ್ಲಿನ ಸಂದಿಯ ನಾರಿನ ಹಾಗೆ ಉಳಿದುಬಿಟ್ಟಿತು.

ಈಗ ಕೊಪ್ಪದ ದಾರಿಯ ತೂಕದ ಮನೆಯಲ್ಲಿ ನನಗೆ ರಾತ್ರಿ ಪಾಳಿ.
ಟ್ರ್ಯಾಕ್ಟರು ಹತ್ತುತ್ತದೆ, ಕೆಂಪು ಅಂಕಿಗಳು ನಡುಗಿ ನಿಲ್ಲುತ್ತವೆ,
ಚೀಟಿ ಹರಿದು ಕೊಡುತ್ತೇನೆ. ಮುಂದಿನದು ಬರುವ ತನಕ
ರದ್ದಾದ ಚೀಟಿಗಳ ಬೆನ್ನ ಮೇಲೆ ಭಾಗಾಕಾರ:
ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ.
ಕ್ಯಾಲ್ಕುಲೇಟರ್ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ.
ಯಾಕೆ ಅಂತ ಕೇಳಬೇಡಿ.
೪೭ರ ಹತ್ತಿರ ಎದೆ ಹಾರಿತು, ಶೇಷ ಬರೀ ಎರಡು.
೫೩ಕ್ಕೆ ಒಂದೇ ಒಂದು ಕಡಿಮೆ ಬಿತ್ತು.
ಒಂದು ಹಂಗಾಮು ಪೂರ್ತಿ, ಸಾವಿರಕ್ಕೂ ಮಿಕ್ಕಿದ ಲೆಕ್ಕ.
ಮಾರ್ಚ್ ತಿಂಗಳ ಒಂದು ಬೆಳಗಿನ ಜಾವ ೮೫೯೭ರಿಂದ ಭಾಗಿಸಿದೆ,
ಶೇಷ ೪೯೩೩.
ಅದರಾಚೆಗೆ ವರ್ಗಮೂಲ ದಾಟುತ್ತದೆ, ನೋಡಬೇಕಿಲ್ಲ.
ಪುಸ್ತಕ ನಿಜ ಹೇಳಿತ್ತು, ಮೇಷ್ಟ್ರೇ.

ತುದಿಗೆ ಒಂಬತ್ತನೇ ಗಿಣ್ಣು ಕಟ್ಟಲೂ ನೋಡಿದೆ.
ಸಮ ಅಂಕಿ ಇಟ್ಟರೆ ಎರಡು ಸೀಳುತ್ತದೆ, ಐದಿಟ್ಟರೆ ಐದು.
ಒಂದಿಟ್ಟರೂ ಏಳಿಟ್ಟರೂ ಮೂರು ಬಂದು ಪಾಲು ಕೇಳುತ್ತದೆ.
ಮೂರು, ಒಂಬತ್ತು ಬಾಕಿ ಇವೆ.
ಅವನ್ನು ಮುಂದಿನ ಹಂಗಾಮಿಗೆ ಇಟ್ಟುಕೊಂಡಿದ್ದೇನೆ.

ಚಿಕ್ಕತಾಯಮ್ಮನಿಗೆ ಹೇಳಿದೆ. ಕಬ್ಬು ಕಡಿಯುವ ಗುಂಪಿನವಳು,
ಲೋಡಿನ ಜೊತೆ ಬಂದು, ಸರದಿ ಬರುವ ತನಕ
ನನ್ನ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾಳೆ.
"ಹಂಗಾರೆ ಅದ್ನ ಯಾರೂ ಪಾಲು ಮಾಡ್ಕಳಕ್ಕೆ ಆಗಕಿಲ್ವ?"
"ಇಲ್ಲ."
"ಎಲ್ಲಿಂದ ಕುಯ್ದೆ?"
"ತುದಿಯಿಂದ."
ನಕ್ಕಳು. ಮಂಡಿಯ ಮೇಲಿದ್ದ ಮಚ್ಚೂ ಅಲುಗಿತು.
"ಕಬ್ಬ ಯಾರವ್ವ ತುದಿಯಿಂದ ಕುಯ್ತಾರೆ?
ಸೀ ಇರದು ಬುಡದಲ್ಲಿ. ಬಗ್ಗಿ ಬುಡಕ್ಕೆ ಹಾಕು."

ಬಗ್ಗಿ, ಏಳನ್ನು ಹೊಡೆದೆ.
ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ
ನೂರಾ ಮೂವತ್ತಮೂರು.
ಎರಡರಿಂದ ಇಲ್ಲ. ಮೂರರಿಂದ ಇಲ್ಲ. ಐದು, ಏಳು, ಊಹುಂ.
ಹನ್ನೊಂದರಿಂದ
ತಲೆಗೆ ಮೂರು ಲಕ್ಷ ಐವತ್ತೆಂಟು ಸಾವಿರದ ನೂರಾ ಮೂರು.
ಶೇಷ
ಸೊನ್ನೆ.
ಇಡೀ ಹಂಗಾಮು ಕಾದರೂ ಬಾರದ ಸೊನ್ನೆ,
ಚೀಟಿಯ ಮೂಲೆಯಲ್ಲಿ, ಇರುವೆ ಮೊಟ್ಟೆಯಷ್ಟು.

"ನಿಮ್ಮ ಗುಂಪಲ್ಲಿ ಎಷ್ಟು ಜನ?"
"ಹನ್ನೊಂದು. ಯಾಕೆ?"

ಅಷ್ಟರಲ್ಲಿ ಅವರ ಟ್ರಾಲಿ ಹತ್ತಿತು.
ಗಾಡಿಯ ತೂಕ ಕಳೆದು ಹನ್ನೆರಡು ಸಾವಿರದ ಆರು ನೂರು ಕಿಲೋ.
ಎರಡರಿಂದ ಹತ್ತರ ತನಕ ಯಾರು ಕೇಳಿದರೂ
ಇಲ್ಲ ಅನ್ನದ ಧಾರಾಳಿ ಸಂಖ್ಯೆ.
ಹನ್ನೊಂದಕ್ಕೆ ಮಾತ್ರ ಐದು ಕಿಲೋ ಮಿಗುತ್ತದೆ.
ಹೇಳಿದೆ.

ಅವಳು ಎದ್ದು ಹೋಗಿ ಲೋಡಿನಿಂದ ಎರಡು ಜಲ್ಲೆ ಎಳೆದಳು.
ಮಂಡಿಗೆ ಕೊಟ್ಟು ಮುರಿದು
ಬುಡದ ತುಂಡು ನನ್ನ ಕಡೆ ಚಾಚಿ,
"ತಕೋ, ಐದು ಕಿಲೋ ಆಯ್ತು, ಬರ್ಕೊ" ಅಂದಳು.